ಕಾಡುದಾರಿಯ ಹಳೆಯ ಮೋಟಾರು ಗಾಡಿಗಳಲ್ಲಿ ಪೆಟ್ರೋಲಿನ ಆವಿನಿರೋಧ

ಮೋಟಾರು ಗಾಡಿಯು ವಾಯುವನ್ನು ಕೆಡಿಸುವುದೆಂದರೆ ಅದರ ಹಿಂಬದಿಯ ಕೊಳವೆಯಿಂದ ಹೊರಡುವ ಹೊಗೆಯೇ ಸಾಮಾನ್ಯವಾಗಿ ಎಲ್ಲರ ಮನಸ್ಸಿಗೂ ಬರುವುದು. ಗಾಡಿಯು ಓಡುವಾಗ ಮಾತ್ರ ದೋಷಯುಕ್ತವಾದುದು, ನಿಂತಾಗ ನಿರ್ದುಷ್ಟವಾದುದು ಎಂಬ ಭಾವನೆಯೂ ಇದರಿಂದಲೇ ಹುಟ್ಟಿದುದಾಗಿದೆ. ಆದರೆ ಎಂಜಿನನ್ನು ನಿಲ್ಲಿಸಿ, ಬೀಗ ಹಾಕಿ ಬಿಟ್ಟ ಗಾಡಿಯೂ ಹಗಲಿನ ತಾಪವು ಹೆಚ್ಚಿದಂತೆಲ್ಲ ತನ್ನ ತೊಟ್ಟಿಯ ಪೆಟ್ರೋಲನ್ನು ಆವಿಯ ರೂಪದಿಂದ ಹೊರಕ್ಕೆ ಬಿಡುತ್ತಿರುವುದು. ಈ ಆವಿಯನ್ನು ಹಿಡಿದಿಟ್ಟು ಮತ್ತೆ ಎಂಜಿನಿಗೇ ಉಣಿಸುವ ಏರ್ಪಾಟು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೧೯೭೦ನೆಯ ಮಾದರಿ ವರ್ಷದ ಗಾಡಿಗಳಿಂದಲೂ, ಆ ದೇಶದಲ್ಲೆಲ್ಲ ೧೯೭೧ನೆಯ ಮಾದರಿ ವರ್ಷದ ಗಾಡಿಗಳಿಂದಲೂ ಕಡ್ಡಾಯವಾಯಿತು. ಜೀಪು, ಸ್ಕೌಟ್, ಲ್ಯಾಂಡ್ ಕ್ರೂಸರ್ ಮೊದಲಾದ ಕಾಡುದಾರಿಯ ಗಾಡಿಗಳಿಗೂ ಈ ನಿಯಮವು ತಗುಲಿತು. ಆ ಗಾಡಿಗಳಲ್ಲಿ ಉಳಿದುಬಂದಿರುವ ಹಲವರಲ್ಲಿ ಈಗ ಆ ಏರ್ಪಾಟು ಇಲ್ಲ. ಒಡೆಯರು ಅದನ್ನು ನಿಷ್ಪ್ರಯೋಜಕವೆಂದು ಕಳಚಿ ಬಿಸುಟಿರುವರು. ಅದು ಏತಕ್ಕಾಗಿ ಹುಟ್ಟಿತು, ಹೇಗೆ ಕೆಲಸ ಮಾಡುವುದು, ಕಳಚಿದವರ ವಾದದಲ್ಲಿ ಹುರುಳೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧. ಹೆಸರಿನಿಂದಾದ ಭ್ರಮೆ

‘ಸ್ಮಾಗ್’ ಎಂಬ ಶಬ್ದವು ಇಂಗ್ಲಿಷಿನಲ್ಲಿ ಹೊಗೆ, ಮಂಜು ಎಂಬರ್ಥದ ಎರಡು ಶಬ್ದಗಳನ್ನು ಬೆಸೆದು ಮಾಡಿದುದು. ಲಂಡನ್ನಿನ ವೈದ್ಯರಾದ ಡೆ ವೋ ಎಂಬವರು ೧೯೦೫ರಲ್ಲಿ ಇದನ್ನು ಬಳಕೆಗೆ ತಂದರೆಂದು ಹೇಳುವರು. ಕಲ್ಲಿದ್ದಲಿನ ಹೊಗೆಯು ಚಳಿಗಾಲದ ಮಂಜಿನೊಡನೆ ಕಲೆತು ಊರನ್ನು ಮುಸುಕುತ್ತಿದ್ದ ಲಂಡನ್ನಿನಲ್ಲಿ ಈ ಶಬ್ದವು ಅನ್ವರ್ಥವಾಗಿಯೇ ಇದ್ದಿತು. ಆದರೆ ೧೯೪೦ರ ದಶಕದಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕವಿಯತೊಡಗಿದ ಮಬ್ಬಿಗೂ ಜನರು ಇದೇ ಹೆಸರನ್ನು ಕೊಟ್ಟರು. ಅಲ್ಲಿ ಮಂಜಿಲ್ಲದ ಬಿಸಿಲಿನ ದಿನದಲ್ಲಿಯೇ ಮಬ್ಬು ದಟ್ಟವಾಗುತ್ತಿದ್ದಿತು; ಅದು ಕಪ್ಪಾಗಿರದೆ ಕಂದುಬಣ್ಣದ್ದಾಗಿದ್ದಿತು; ಕಣ್ಣುಗಳಲ್ಲಿ ಉರಿಯನ್ನು ತರುತ್ತಿದ್ದಿತು. ಹೆಸರಿನಲ್ಲಿ ಹೊಗೆಯಿದ್ದುದರಿಂದ ಕಾರಣವನ್ನೂ ಹೊಗೆಯಲ್ಲಿಯೇ ಹುಡುಕಿದುದು ಸಹಜವಾಗಿದ್ದಿತು.

೧೯೪೩ನೆಯ ಜುಲೈ ೨೬ನೆಯ ದಿನ ಆ ನಗರದಲ್ಲಿ ಈ ಮಬ್ಬು ಅತಿಯಾಗಿ ಕವಿಯಿತು. ಯುದ್ಧದ ಕಾಲವಾದುದರಿಂದ ಶತ್ರುಗಳು ವಿಷವಾಯುವನ್ನು ಬಿಟ್ಟರೇನೋ ಎಂದು ಶಂಕಿಸಿದವರೂ ಇದ್ದರು. ಬಳಿಕ ಕೃತಕ ರಬ್ಬರಿಗಾಗಿ ಬ್ಯುಟಡೈಯೀನನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ದೋಷವನ್ನು ಹೊರಿಸಿದರು. ಆ ಕಾರ್ಖಾನೆಯ ಕೆಲಸವು ನಿಂತಾಗಲೂ ಮಬ್ಬು ಕವಿಯುವುದು ನಿಲ್ಲಲಿಲ್ಲ. ೧೯೪೭ರಲ್ಲಿ ಲಾಸ್ ಏಂಜಲೀಸ್ ಪ್ರಾಂತಕ್ಕೆ ವಾಯುದೋಷ ನಿಯಂತ್ರಣಕ್ಕೆಂದೇ ಒಂದು ಅಧಿಕಾರ ಮಂಡಲವು ಏರ್ಪಟ್ಟಿತು. ಕಾರ್ಖಾನೆಗಳ ಚಿಮಣಿಗಳಿಗೆ ಕಟ್ಟುಪಾಡಾಯಿತು. ಮನೆಯ ಹಿತ್ತಿಲಿನಲ್ಲಿ ಕಸವನ್ನು ಸುಡುವ ಒಲೆಗಳನ್ನು ೧೯೫೭ರಲ್ಲಿ ನಿಷೇಧಿಸಿದರು. ಇವುಗಳಿಂದ ಕಣ್ಣಿಗೆ ಕಾಣುವ ಹೊಗೆಯು ಕಡಿಮೆಯಾಯಿತು. ಕಣ್ಣುರಿಯು ಮಾತ್ರ ಹೋಗಲಿಲ್ಲ.

ತರ್ಕಶಾಸ್ತ್ರವನ್ನು ಓದತೊಡಗುವ ವಿದ್ಯಾರ್ಥಿಯು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ಮೊದಲು ಕಲಿಯುವನು. ಮಂಜನ್ನೋ ಧೂಳನ್ನೋ ಹೊಗೆಯೆಂದು ಭ್ರಮಿಸಿದರೆ ಆ ಅನುಮಾನವು ಕೆಡುವುದೆಂಬುದನ್ನೂ ಅದೇ ಪಾಠದಲ್ಲಿ ಕಲಿಯುವನು. ಲಾಸ್ ಏಂಜಲೀಸಿನಲ್ಲಿ ಹೇತುವೇ ಅಸಿದ್ಧವಾಗಿದ್ದಿತು. ಅಲ್ಲಿದ್ದುದು ಹೊಗೆಯಲ್ಲವಾದುದರಿಂದ ಬೆಂಕಿಯನ್ನು ಹುಡುಕಿಹೋದವರಿಗೆ ನಿಜವಾದ ಕಾರಣವು ಸಿಕ್ಕಲಿಲ್ಲ.

೨. ಕಾರಣದ ನಿರ್ಣಯ

ಕಾರಣವನ್ನು ಕಂಡುಹಿಡಿದವರು ಹೊಗೆಯ ವಿಷಯದಲ್ಲಿ ಪರಿಶ್ರಮವಿದ್ದವರಲ್ಲ. ಗಂಧಗಳ ವಿಷಯದಲ್ಲಿ ಪರಿಶ್ರಮವಿದ್ದವರು. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ೧೯೦೦ರಲ್ಲಿ ಹುಟ್ಟಿದ ಆರೀ ಯಾನ್ ಹಾಗನ್‌ಸ್ಮಿಟ್ ಎಂಬವರು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿರುವ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಜೀವರಸಾಯನದ ಆಚಾರ್ಯರಾಗಿದ್ದರು. ಅನಾನಸು ಹಣ್ಣಿನ ಪರಿಮಳಕ್ಕೆ ಕಾರಣವಾದ ದ್ರವ್ಯಗಳನ್ನು ಬೇರ್ಪಡಿಸುವ ಕೆಲಸದಲ್ಲಿ ಇವರು ನಿರತರಾಗಿದ್ದರು. ಅದೇ ಕ್ರಮದಿಂದ ನಗರದ ಗಾಳಿಯನ್ನು ಅತಿಶೀತಲವಾದ ಪಾತ್ರೆಗಳ ಮೂಲಕ ಹಾಯಿಸಿ, ಅದರಲ್ಲಿದ್ದ ದ್ರವ್ಯಗಳನ್ನು ಕೆಲವೇ ಹನಿಗಳಾಗಿ ಇಳಿಸಿ ಪರೀಕ್ಷಿಸಿದರು. ಪೆಟ್ರೋಲಿನಂತಹ ತೈಲಗಳಿಂದ ಹುಟ್ಟಿದ ಪದಾರ್ಥಗಳು ಅದರಲ್ಲಿ ಕಂಡುಬಂದವು. ಪೆಟ್ರೋಲಿನ ಆವಿ ಮತ್ತು ಎಂಜಿನಿನಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಸೂರ್ಯನ ಬೆಳಕಿನಲ್ಲಿ ಒಂದರೊಡನೊಂದು ವರ್ತಿಸಿ ಓಜೋನನ್ನು ಉಂಟುಮಾಡುವುವೆಂದು ಇವರು ೧೯೫೦ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಬಾಗಿಸಿ ಕಟ್ಟಿದ ರಬ್ಬರಿನ ಪಟ್ಟಿಗಳು ಓಜೋನಿನಿಂದ ಬಿರುಕುಬಿಡುವುದನ್ನು ಗಮನಿಸಿ, ಆ ಬಿರುಕನ್ನೇ ಓಜೋನಿನ ಅಳತೆಗೆ ಸಾಧನವನ್ನಾಗಿ ಮಾಡಿಕೊಂಡರು. ತೈಲೋದ್ಯಮದವರ ಪರವಾಗಿ ಸಂಶೋಧನೆ ಮಾಡುತ್ತಿದ್ದವರು ಈ ಮತವನ್ನು ಕೆಲವು ಕಾಲ ವಿರೋಧಿಸಿದರು. ಆದರೂ ಕೊನೆಗೆ ಇದೇ ಸ್ಥಿರಪಟ್ಟಿತು. ೧೯೬೭ರಲ್ಲಿ ಕ್ಯಾಲಿಫೋರ್ನಿಯಾದ ವಾಯುಸಂಪನ್ಮೂಲ ಮಂಡಲಿಯು ಸ್ಥಾಪಿತವಾದಾಗ ಅದರ ಮೊದಲನೆಯ ಅಧ್ಯಕ್ಷ ಪದವಿಯು ಹಾಗನ್‌ಸ್ಮಿಟ್ಟರಿಗೇ ಬಂದಿತು. ಅವರು ೧೯೭೭ರಲ್ಲಿ ತೀರಿಕೊಂಡರು.

ಈ ನಿರ್ಣಯದಿಂದ ಮೋಟಾರು ಗಾಡಿಯನ್ನು ನೋಡುವ ದೃಷ್ಟಿಯೇ ಬದಲಾಯಿತು. ಯಾವ ನಿರೋಧವೂ ಇಲ್ಲದ ಗಾಡಿಯಿಂದ ಹೊರಡುವ ತೈಲಾಂಶದಲ್ಲಿ ನೂರಕ್ಕೆ ಸುಮಾರು ೬೦ ಪಾಲು ಹಿಂಬದಿಯ ಕೊಳವೆಯಿಂದಲೂ, ಸುಮಾರು ೨೦ ಪಾಲು ಎಂಜಿನಿನ ಕೆಳಗಣ ಎಣ್ಣೆಗೂಡಿನಿಂದಲೂ, ಉಳಿದ ಸುಮಾರು ೨೦ ಪಾಲು ತೊಟ್ಟಿ ಮತ್ತು ಕಾರ್ಬ್ಯುರೇಟರುಗಳಿಂದ ಆವಿಯಾಗಿಯೂ ಹೋಗುವುದೆಂದು ಎಣಿಕೆ ಹಾಕಿದರು. ಇವುಗಳಲ್ಲಿ ಎಣ್ಣೆಗೂಡಿನ ದೋಷವನ್ನು ತಡೆಯುವುದು ಎಲ್ಲಕ್ಕಿಂತ ಸುಲಭವಾಗಿದ್ದಿತು. ಕ್ಯಾಲಿಫೋರ್ನಿಯಾದಲ್ಲಿ ೧೯೬೧ರ ಹೊಸ ಗಾಡಿಗಳಲ್ಲಿಯೂ, ದೇಶದಲ್ಲೆಲ್ಲ ೧೯೬೩ರ ಗಾಡಿಗಳಲ್ಲಿಯೂ ಅದು ಆಯಿತು. ಹಿಂಬದಿಯ ಕೊಳವೆಗೆ ಕ್ಯಾಲಿಫೋರ್ನಿಯಾದಲ್ಲಿ ೧೯೬೬ರಿಂದಲೂ ಇಡೀ ದೇಶದಲ್ಲಿ ೧೯೬೮ರಿಂದಲೂ ಮಿತಿಯುಂಟಾಯಿತು. ನಿಂತ ಗಾಡಿಯ ಆವಿಯ ಸರದಿ ಬಂದುದು ಕಟ್ಟಕಡೆಗೆ. ತೈಲಶುದ್ಧಿಯ ಕಾರ್ಖಾನೆಗಳ ದೊಡ್ಡ ತೊಟ್ಟಿಗಳಿಂದ ಆವಿ ಹೋಗದಂತೆ ೧೯೫೦ರ ದಶಕದಲ್ಲಿಯೇ ತೇಲುವ ಮುಚ್ಚಳಗಳನ್ನು ಹಾಕಿಸಿದ್ದರೂ, ಲಕ್ಷಾಂತರ ಗಾಡಿಗಳು ಹೊತ್ತು ತಿರುಗುವ ಚಿಕ್ಕ ತೊಟ್ಟಿಗಳ ಮುಚ್ಚಳಗಳಲ್ಲಿ ಉಸಿರಾಟದ ರಂಧ್ರಗಳು ತೆರೆದೇ ಇದ್ದವು.

೩. ಇದ್ದಲಿನ ಡಬ್ಬಿ

ಆವಿಯು ಹೊರಡುವ ಸಂದರ್ಭಗಳು ಮುಖ್ಯವಾಗಿ ಮೂರು. ಹಗಲಿನ ಬಿಸಿಯಿಂದ ತೊಟ್ಟಿಯು ಕಾದು ಆವಿಯನ್ನು ಬಿಡುವುದು ಒಂದು. ಇದು ಗಾಡಿಯು ಕದಲದಿದ್ದರೂ ದಿನದಿನವೂ ಆಗುವುದು. ಓಡಿ ಬಂದು ನಿಂತ ಎಂಜಿನಿನ ಕಾವಿನಿಂದ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲು ಆರುವುದು ಎರಡನೆಯದು. ಓಡುತ್ತಿರುವಾಗಲೇ ಸೋರಿಹೋಗುವುದು ಮೂರನೆಯದು. ಈ ಆವಿಯನ್ನು ಎಲ್ಲಿ ಇಡಬೇಕೆಂಬುದು ಮೊದಲನೆಯ ಪ್ರಶ್ನೆಯಾಯಿತು. ಆರಂಭದಲ್ಲಿ ಕೆಲವು ತಯಾರಕರು ಎಂಜಿನಿನ ಎಣ್ಣೆಗೂಡನ್ನೇ ಅದಕ್ಕೆ ಉಗ್ರಾಣವನ್ನಾಗಿ ಮಾಡಿದರು. ಶೀಘ್ರದಲ್ಲಿಯೇ ಎಲ್ಲರೂ ಇದ್ದಲು ತುಂಬಿದ ಡಬ್ಬಿಯನ್ನು ಆಶ್ರಯಿಸಿದರು.

ಇದ್ದಲಿನ ಈ ಗುಣವು ಹೊಸದಾಗಿ ತಿಳಿದುದಲ್ಲ. ಅದು ವಾಯುಗಳನ್ನು ಹೀರುವುದೆಂಬುದನ್ನು ೧೭೭೩ರಲ್ಲಿ ಷೇಲೆ ಎಂಬ ಸ್ವೀಡನ್ನಿನ ರಸಾಯನಜ್ಞರೂ, ೧೭೭೭ರಲ್ಲಿ ಫೊಂಟಾನಾ ಎಂಬ ಇಟಲಿಯ ವಿದ್ವಾಂಸರೂ ಪ್ರತ್ಯೇಕವಾಗಿ ಕಂಡಿದ್ದರು. ನೀರನ್ನು ಬಟ್ಟೆಯು ಹೀರುವಂತೆ ಒಳಕ್ಕೆಳೆದುಕೊಳ್ಳುವುದಕ್ಕೂ ಮೇಲ್ಮೈಯಲ್ಲಿ ಮಾತ್ರ ಅಂಟಿಸಿಕೊಳ್ಳುವುದಕ್ಕೂ ಭೇದವುಂಟು. ಈ ಎರಡನೆಯದಕ್ಕೆ ಜರ್ಮನಿಯ ಕೈಸರ್ ಎಂಬವರು ೧೮೮೧ರಲ್ಲಿ ಬೇರೆಯ ಹೆಸರನ್ನು ಕೊಟ್ಟರು. ಕನ್ನಡದಲ್ಲಿ ಮೊದಲನೆಯದನ್ನು ಶೋಷಣವೆಂದೂ ಎರಡನೆಯದನ್ನು ಅಧಿಶೋಷಣವೆಂದೂ ಹೇಳಬಹುದು. ‘ಮೇಲೆ’ ಎಂಬರ್ಥದ ಉಪಸರ್ಗವು ಇಲ್ಲಿ ಸಾರ್ಥಕವಾಗಿರುವುದು. ವಿಶೇಷವಾಗಿ ಸಂಸ್ಕರಿಸಿದ ಒಂದು ಗ್ರಾಮ್ ಇದ್ದಲಿನ ಸೂಕ್ಷ್ಮರಂಧ್ರಗಳ ಮೇಲ್ಮೈಯನ್ನು ಬಿಡಿಸಿ ಹರಡಿದರೆ ಅದು ಸುಮಾರು ಸಾವಿರ ಚದರ ಮೀಟರುಗಳಷ್ಟಾಗುವುದು. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನ ಪ್ರಯೋಗವಾದಾಗ ಸೈನಿಕರ ಮುಖವಾಡಗಳಲ್ಲಿ ಈ ಇದ್ದಲನ್ನೇ ತುಂಬಿದರು. ಅದಕ್ಕಾಗಿ ಅಮೆರಿಕದ ಮನೆಮನೆಗಳಿಂದ ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ೧೯೧೮ರಲ್ಲಿ ಸಂಗ್ರಹಿಸಿದರು. ಹೊರಗಿನ ವಿಷವು ಒಳಕ್ಕೆ ಬಾರದಂತೆ ಕಾದ ವಸ್ತುವು ಅರ್ಧ ಶತಮಾನದ ಬಳಿಕ ಒಳಗಿನ ವಿಷವು ಹೊರಕ್ಕೆ ಹೋಗದಂತೆ ಕಾಯತೊಡಗಿತು.

ಏರ್ಪಾಟಿನ ಕ್ರಮವು ಹೀಗಿರುವುದು. ತೊಟ್ಟಿಯ ಮುಚ್ಚಳದ ತೆರೆದ ರಂಧ್ರವನ್ನು ತೆಗೆದುಹಾಕಿ, ಒತ್ತಡವಾಗಲಿ ನಿರ್ವಾತವಾಗಲಿ ಮಿತಿಮೀರಿದಾಗ ಮಾತ್ರ ತೆರೆಯುವ ಕವಾಟಗಳನ್ನಿಟ್ಟರು. ತೊಟ್ಟಿಯ ಆವಿಯು ಒಂದು ವಿಭಾಜಕ ಪಾತ್ರೆಯನ್ನು ಹಾಯ್ದು ಬರುವುದು. ಅಲ್ಲಿ ದ್ರವವು ಹಿಂದಿರುಗಿ ತೊಟ್ಟಿಗೇ ಇಳಿಯುವುದು, ಆವಿಯು ಮುಂದಕ್ಕೆ ನಡೆದು ಎಂಜಿನಿನ ಬಳಿಯ ಇದ್ದಲಿನ ಡಬ್ಬಿಯನ್ನು ಸೇರುವುದು. ಎಂಜಿನು ಓಡತೊಡಗಿದಾಗ ಅದರ ಸೆಳೆತದಿಂದ ಡಬ್ಬಿಯ ತಳದಿಂದ ಹೊಸ ಗಾಳಿಯು ಒಳಹೊಕ್ಕು, ಇದ್ದಲಿಗೆ ಅಂಟಿದ ಆವಿಯನ್ನು ಬಿಡಿಸಿಕೊಂಡು ಎಂಜಿನಿಗೆ ಒಯ್ಯುವುದು. ಅಲ್ಲಿ ಅದು ಇಂಧನವಾಗಿಯೇ ಉರಿಯುವುದು. ಇದ್ದಲು ಮತ್ತೆ ಬರಿದಾಗಿ ಮುಂದಿನ ಹೊರೆಗೆ ಸಿದ್ಧವಾಗುವುದು. ಇದರಲ್ಲಿ ನಷ್ಟವಾಗುವ ಪದಾರ್ಥವೇ ಇಲ್ಲ.

೪. ಶಾಸನವೂ ಅಳತೆಯೂ

ಮೊದಲು ಕ್ಯಾಲಿಫೋರ್ನಿಯಾವೂ ಬಳಿಕ ಕೇಂದ್ರ ಸರ್ಕಾರವೂ ಒಂದು ಪರೀಕ್ಷೆಗೆ ೬ ಗ್ರಾಮ್ ಆವಿಯ ಮಿತಿಯನ್ನು ವಿಧಿಸಿದವು. ೧೯೭೨ರಲ್ಲಿ ಕೇಂದ್ರದ ಮಿತಿಯು ೨ ಗ್ರಾಮಿಗೆ ಇಳಿಯಿತು. ಆದರೆ ೧೯೭೮ರಲ್ಲಿ ಅದೇ ಮಿತಿಯು ಮತ್ತೆ ೬ ಗ್ರಾಮ್ ಆದುದು ಕಂಡುಬರುವುದು. ಅಂಕಿಗಳನ್ನು ಮಾತ್ರ ನೋಡಿದವರು ಶಾಸನವು ಸಡಿಲವಾಯಿತೆಂದು ತಿಳಿಯಬಹುದು. ಸತ್ಯವು ಇದಕ್ಕೆ ವಿರುದ್ಧವಾಗಿದೆ. ಮೊದಲಿನ ಪರೀಕ್ಷೆಯಲ್ಲಿ ಆವಿಯು ಹೊರಡಬಹುದೆಂದು ಊಹಿಸಿದ ಬಾಯಿಗಳಿಗೆ ಮಾತ್ರ ಇದ್ದಲಿನ ಬಲೆಗಳನ್ನು ಕಟ್ಟಿ, ಅವುಗಳ ತೂಕವು ಎಷ್ಟು ಹೆಚ್ಚಿತೆಂದು ನೋಡುತ್ತಿದ್ದರು. ಊಹಿಸದ ಕಡೆಯಿಂದ ಹೋದ ಆವಿಯು ಲೆಕ್ಕಕ್ಕೇ ಬರುತ್ತಿರಲಿಲ್ಲ. ೧೯೭೮ರಿಂದ ಇಡೀ ಗಾಡಿಯನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಕೋಣೆಯ ಗಾಳಿಯನ್ನೇ ಪರೀಕ್ಷಿಸತೊಡಗಿದರು. ತೊಟ್ಟಿಯ ಪೆಟ್ರೋಲನ್ನು ಒಂದು ಗಂಟೆಯ ಅವಧಿಯಲ್ಲಿ ಫ್ಯಾರನ್‌ಹೀಟಿನ ೬೦ ಅಂಶಗಳಿಂದ ೮೪ ಅಂಶಗಳಿಗೆ ಕಾಯಿಸುವುದರಿಂದ ಒಂದು ಹಗಲಿನ ತಾಪವನ್ನು ಅನುಕರಿಸಿದಂತಾಯಿತು. ಬಲೆಯ ಪರೀಕ್ಷೆಯಲ್ಲಿ ೨ ಗ್ರಾಮಿನೊಳಗೆ ನಿಂತ ಗಾಡಿಗಳು ಕೋಣೆಯಲ್ಲಿ ಅದರ ಅನೇಕ ಪಟ್ಟು ಆವಿಯನ್ನು ಬಿಟ್ಟುವು. ೧೯೮೧ರಲ್ಲಿ ಈ ಹೊಸ ಪರೀಕ್ಷೆಗೂ ೨ ಗ್ರಾಮಿನ ಮಿತಿಯೇ ಬಂದಿತು. ಎರಡು ಕಾಲದ ಅಂಕಿಗಳನ್ನು ಹೋಲಿಸುವವರು ಮೊದಲು ಎರಡು ಕಾಲದ ಮಾನಗಳನ್ನು ಹೋಲಿಸಬೇಕೆಂಬುದಕ್ಕೆ ಇದೊಂದು ಉತ್ತಮ ನಿದರ್ಶನ. ಶಾಸನಗಳಲ್ಲಿ ಬರುವ ಗದ್ಯಾಣ ಕೊಳಗಗಳನ್ನು ವಿಚಾರಿಸಿದವರಿಗೆ ಈ ಎಚ್ಚರಿಕೆಯು ಹೊಸದಲ್ಲ.

ಕಾಡುದಾರಿಯ ಗಾಡಿಗಳನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದೂ ವಿವಾದಕ್ಕೆ ವಿಷಯವಾಯಿತು. ಸ್ಕೌಟ್ ಗಾಡಿಗಳ ತಯಾರಕರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯವರೂ ಇತರರೂ ಹಿಂಬದಿಯ ಕೊಳವೆಯ ಮಿತಿಗಳ ವಿಷಯವಾಗಿ ಹೂಡಿದ ವ್ಯಾಜ್ಯದಲ್ಲಿ ವಾಷಿಂಗ್‌ಟನ್ನಿನ ಮೇಲ್ಮನವಿ ನ್ಯಾಯಾಲಯವು ೧೯೭೩ರಲ್ಲಿ ತೀರ್ಪುಕೊಟ್ಟಿತು. ಆ ಬಳಿಕ ೧೯೭೫ನೆಯ ಮಾದರಿ ವರ್ಷದಿಂದ ಲಘು ಟ್ರಕ್ಕು ಎಂಬ ಬೇರೆಯ ವರ್ಗವೇ ಏರ್ಪಟ್ಟಿತು. ರಸ್ತೆಯಿಲ್ಲದ ಕಡೆ ಓಡಲು ಅನುಕೂಲವಾದ ವಿಶೇಷ ಅಂಗಗಳುಳ್ಳ ಗಾಡಿಯು ಜನರನ್ನೇ ಒಯ್ಯುತ್ತಿದ್ದರೂ ಈ ವರ್ಗಕ್ಕೆ ಸೇರುವುದೆಂದು ಲಕ್ಷಣವನ್ನು ಹೇಳಿದರು. ಹಿಂಬದಿಯ ಕೊಳವೆಯ ವಿಷಯದಲ್ಲಿ ಈ ವರ್ಗಕ್ಕೆ ಕೆಲವು ರಿಯಾಯಿತಿಗಳು ದೊರೆತುವು. ಆವಿಯ ನಿರೋಧದಿಂದ ಮಾತ್ರ ಬಿಡುಗಡೆಯಾಗಲಿಲ್ಲ.

೫. ಕಾಡುದಾರಿಯ ಗಾಡಿಗಳ ವಿಶೇಷ

ಈ ಗಾಡಿಗಳಲ್ಲಿ ಆವಿನಿರೋಧವು ಊರಿನ ಕಾರುಗಳಲ್ಲಿರುವುದಕ್ಕಿಂತ ಕಷ್ಟವಾದುದು. ೧೯೪೧ರಿಂದ ೧೯೪೫ರ ವರೆಗೆ ತಯಾರಾದ ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಪೆಟ್ರೋಲ್ ತೊಟ್ಟಿಯು ಚಾಲಕನ ಆಸನದ ಕೆಳಗೇ ಇದ್ದಿತು. ೧೯೬೦ರಿಂದ ೧೯೮೪ರ ವರೆಗೆ ತಯಾರಾದ ಟೊಯೋಟಾದ ಎಫ್‌ಜೆ ೪೦ ಲ್ಯಾಂಡ್ ಕ್ರೂಸರಿನಲ್ಲಿಯೂ ೧೯೭೦ರ ದಶಕದ ಕೊನೆಯ ವರೆಗೆ ತೊಟ್ಟಿಯು ಮುಂದಿನ ಪ್ರಯಾಣಿಕನ ಆಸನದ ಕೆಳಗಿದ್ದಿತು. ಗಾಡಿಯೊಳಗೇ ತೊಟ್ಟಿಯಿರುವಾಗ ಕೊಳವೆಯೊಂದು ಸೀಳಿದರೂ ಆವಿಯು ಕುಳಿತವರ ಮೂಗಿಗೇ ಬರುವುದು. ಆ ಆವಿಯು ಗಾಳಿಗಿಂತ ಭಾರವಾದುದರಿಂದ ಮೇಲೆದ್ದು ಹೋಗದೆ ತಳದಲ್ಲಿಯೇ ನಿಲ್ಲುವುದು. ಒಂದು ಕಿಡಿಯು ತಗುಲಿದರೆ ಅನರ್ಥವಾಗುವುದು.

ಇನ್ನು ಈ ಗಾಡಿಗಳು ನಡೆಯುವ ನೆಲವನ್ನು ನೋಡಬೇಕು. ಕಡಿದಾದ ಇಳಿಜಾರಿನಲ್ಲಿ ಗಾಡಿಯು ವಾಲಿದಾಗ ದ್ರವರೂಪದ ಪೆಟ್ರೋಲೇ ಆವಿಯ ಕೊಳವೆಗೆ ನುಗ್ಗುವುದು. ಅದು ಇದ್ದಲನ್ನು ತೋಯಿಸಿದರೆ ಡಬ್ಬಿಯು ಕೆಲಸಕ್ಕೆ ಬಾರದೆ ಹೋಗುವುದು. ವಿಭಾಜಕ ಪಾತ್ರೆಯೂ, ಗಾಡಿಯು ಮಗುಚಿದರೆ ದಾರಿಯನ್ನು ಮುಚ್ಚುವ ಕವಾಟವೂ ಇದಕ್ಕಾಗಿಯೇ ಬಂದುವು. ಕಲ್ಲುನೆಲದಲ್ಲಿ ಆಮೆಯಂತೆ ತೆವಳುವಾಗ ಎಂಜಿನಿಗೆ ಗಾಳಿಯು ಸಾಲದೆ ಕಾವು ಏರುವುದು. ಎತ್ತರದ ಪ್ರದೇಶಗಳಲ್ಲಿ ವಾಯುವಿನ ಒತ್ತಡವು ಕಡಿಮೆಯಾದುದರಿಂದ ಪೆಟ್ರೋಲು ಇನ್ನೂ ಬೇಗ ಆವಿಯಾಗುವುದು. ಧೂಳು ಡಬ್ಬಿಯ ತಳದ ಸೋಸುಬಟ್ಟೆಯನ್ನು ಕಟ್ಟಿಬಿಡುವುದು. ೧೯೮೦ರಲ್ಲಿ ಆರಂಭವಾದ ಎಫ್‌ಜೆ ೬೦ ಮಾದರಿಯಲ್ಲಿ ಇವುಗಳನ್ನು ಎದುರಿಸುವ ಯತ್ನವು ಸ್ಪಷ್ಟವಾಗಿ ಕಾಣುವುದು. ಕೀಲಿಯನ್ನು ತಿರುಗಿಸಿ ಎಂಜಿನನ್ನು ನಿಲ್ಲಿಸಿದೊಡನೆ ಕಾರ್ಬ್ಯುರೇಟರಿನ ಬಟ್ಟಲಿನ ಆವಿಯನ್ನು ಡಬ್ಬಿಗೆ ತಿರುಗಿಸುವ ವಿದ್ಯುತ್ ಕವಾಟವನ್ನೂ, ನಿಂತ ಬಳಿಕವೂ ಕಾರ್ಬ್ಯುರೇಟರಿಗೆ ಗಾಳಿ ಬೀಸಿ ತಣಿಸುವ ಚಿಕ್ಕ ಬೀಸಣಿಗೆಯನ್ನೂ ಅದರಲ್ಲಿ ಅಳವಡಿಸಿದರು.

ಭಾರತದಲ್ಲಿ ೧೯೪೦ರ ದಶಕದ ಕೊನೆಯಿಂದ ಮಹೀಂದ್ರ ಸಂಸ್ಥೆಯವರು ಜೋಡಿಸಿ ಮಾರಿದ ವಿಲ್ಲಿಸ್ ಜೀಪುಗಳು ಮಲೆನಾಡು ಕೊಡಗುಗಳ ತೋಟಗಳಲ್ಲಿಯೂ ಓಡಾಡಿದುವು. ಅವು ಈ ನಿಯಮಗಳಿಗಿಂತ ಹಿಂದಿನವಾದುದರಿಂದ ಇದ್ದಲಿನ ಡಬ್ಬಿಯನ್ನು ಅರಿಯವು. ಮುಂದೆ ಬಂದ ಡೀಸೆಲ್ ಜೀಪುಗಳಲ್ಲಿ ಈ ಪ್ರಶ್ನೆಯೇ ಏಳದು. ಡೀಸೆಲು ಸಾಮಾನ್ಯ ಉಷ್ಣದಲ್ಲಿ ಆವಿಯಾಗುವುದು ಅತ್ಯಲ್ಪ.

೬. ಪೂರ್ವಪಕ್ಷವೂ ಸಿದ್ಧಾಂತವೂ

ಈ ಹಳೆಯ ಗಾಡಿಗಳಿಂದ ಡಬ್ಬಿಯನ್ನೂ ಕೊಳವೆಗಳನ್ನೂ ಕಳಚುವವರ ವಾದವು ಹೀಗೆ: ಇಂತಹ ಗಾಡಿಗಳು ಈಗ ಕೆಲವೇ ಉಳಿದಿವೆ, ಅವೂ ವರ್ಷಕ್ಕೆ ಕೆಲವೇ ದಿನ ಓಡುವುವು, ಕೊಳವೆಗಳ ಜಟಿಲತೆಯಿಂದ ರಿಪೇರಿಯು ಕಷ್ಟವಾಗುವುದು, ಎಂಜಿನಿನ ಬಲವೂ ಕುಗ್ಗುವುದು, ಆದುದರಿಂದ ಕಳಚಿದರೆ ದೋಷವಿಲ್ಲ.

ಇದರಲ್ಲಿ ಗಾಡಿಗಳ ಸಂಖ್ಯೆಯು ಅಲ್ಪವೆಂಬುದು ನಿಜ. ಕೊಳವೆಗಳ ಜಟಿಲತೆಯೂ ನಿಜ. ಕ್ಯಾಲಿಫೋರ್ನಿಯಾಕ್ಕೆ ಒಂದು ಕ್ರಮ, ಇತರ ಸಂಸ್ಥಾನಗಳಿಗೆ ಇನ್ನೊಂದು ಕ್ರಮ, ವರ್ಷವರ್ಷಕ್ಕೂ ಸ್ವಲ್ಪ ಭೇದ. ಬಾನೆಟ್ಟಿನ ಒಳಗೆ ಅಂಟಿಸಿದ್ದ ಕೊಳವೆಗಳ ನಕ್ಷೆಯು ಅಳಿಸಿಹೋದ ಮೇಲೆ ಯಾವುದು ಎಲ್ಲಿಗೆ ಸೇರಬೇಕೆಂಬುದು ತಿಳಿಯದು. ಹಿಂದಿನ ಒಡೆಯನು ತಪ್ಪಾಗಿ ಸೇರಿಸಿದುದನ್ನೇ ಮುಂದಿನವನು ಮೂಲವೆಂದು ನಂಬುವನು. ಓಲೆಪ್ರತಿಗಳಲ್ಲಿ ಲಿಪಿಕಾರನ ತಪ್ಪು ಪಾಠವಾಗಿ ನಿಲ್ಲುವ ಬಗೆಯೂ ಇದೇ. ಆದರೆ ಪಾಠವು ಕ್ಲಿಷ್ಟವೆಂದು ಗ್ರಂಥದ ಭಾಗವನ್ನು ಕಿತ್ತುಹಾಕುವ ಪರಿಷ್ಕರ್ತನನ್ನು ಯಾರೂ ಮೆಚ್ಚುವುದಿಲ್ಲ. ಅದೇ ವರ್ಷದ ಬೇರೆ ಗಾಡಿಗಳನ್ನೂ ತಯಾರಕರ ಕೈಪಿಡಿಯನ್ನೂ ಒಪ್ಪವಿಟ್ಟು ನೋಡಿ ಮೂಲವನ್ನು ಗೊತ್ತುಮಾಡುವುದೇ ಸರಿಯಾದ ಮಾರ್ಗ. ಶ್ರದ್ಧೆಯುಳ್ಳ ಒಡೆಯರು ಹಾಗೆಯೇ ಮಾಡುತ್ತಿರುವರು.

ಬಲವು ಕುಗ್ಗುವುದೆಂಬುದು ನಿಲ್ಲದ ಮಾತು. ಡಬ್ಬಿಯು ಎಂಜಿನಿನಿಂದ ಹೇಳತಕ್ಕಷ್ಟು ಬಲವನ್ನೇನೂ ಕಸಿಯದು. ತೂರಿಹೋಗುತ್ತಿದ್ದ ಇಂಧನವನ್ನೇ ಹಿಂದಕ್ಕೆ ಕೊಡುವುದು. ಕಳಚಿದ ಬಳಿಕ ತೊಟ್ಟಿಯ ಬಾಯಿಯನ್ನು ತೆರೆದಿಟ್ಟರೆ ಗಾಡಿಯೊಳಗೆ ನಾತವೂ ಬೆಂಕಿಯ ಭಯವೂ ಇರುವುವು. ಬಿಗಿದು ಮುಚ್ಚಿದರೆ ಬಿಸಿಲಿನಲ್ಲಿ ತೊಟ್ಟಿಯು ಉಬ್ಬುವುದು, ಪೆಟ್ರೋಲು ತೀರಿದಂತೆ ನಿರ್ವಾತವುಂಟಾಗಿ ಎಂಜಿನಿಗೆ ಇಂಧನವು ಸಾಲದಾಗುವುದು.

ಮುಖ್ಯವಾದುದು ಗಾಡಿಯು ಕಡಿಮೆ ಓಡುವುದೆಂಬ ವಾದ. ಇದು ಹಿಂಬದಿಯ ಕೊಳವೆಯ ಹೊಗೆಗೆ ಸಲ್ಲುವುದೇ ಹೊರತು ಆವಿಗೆ ಸಲ್ಲದು. ಕಡಿಮೆ ಓಡುವ ಗಾಡಿಯೆಂದರೆ ಹೆಚ್ಚು ನಿಲ್ಲುವ ಗಾಡಿಯೆಂದೇ ಅರ್ಥ. ನಿಂತ ಗಾಡಿಯ ತೊಟ್ಟಿಯು ಪ್ರತಿದಿನವೂ ಕಾಯುವುದು, ಪ್ರತಿದಿನವೂ ಆವಿಯನ್ನು ಬಿಡುವುದು. ಹೀಗೆ ವಾದಿಯು ಹೇಳಿದ ಹೇತುವು ಅವನ ಸಾಧ್ಯಕ್ಕೇ ವಿರುದ್ಧವಾಗಿ ಪರಿಣಮಿಸುವುದು. ಆದರೆ ಒಂದು ಮಾತನ್ನು ಒಪ್ಪಬೇಕು: ಎಂಜಿನು ಓಡಿದಾಗಲೇ ಡಬ್ಬಿಯು ಬರಿದಾಗುವುದಾದುದರಿಂದ, ವಾರಗಟ್ಟಲೆ ನಿಂತ ಗಾಡಿಯ ಇದ್ದಲು ತುಂಬಿ ಆವಿಯನ್ನು ಹೊರಕ್ಕೆ ಬಿಡತೊಡಗುವುದು. ರಾತ್ರಿ ತೊಟ್ಟಿಯು ತಣಿದಾಗ ಒಳಕ್ಕೆ ಸೆಳೆಯಲ್ಪಡುವ ಗಾಳಿಯು ಸ್ವಲ್ಪ ಆವಿಯನ್ನು ತೊಟ್ಟಿಗೇ ಮರಳಿಸುವುದಾದರೂ ಅದು ಪೂರ್ಣವಲ್ಲ. ಡಬ್ಬಿಯ ಶಕ್ತಿಗೆ ಮಿತಿಯುಂಟೆಂಬುದು ಇದರಿಂದ ತೋರುವುದೇ ಹೊರತು ಡಬ್ಬಿಯು ಬೇಡವೆಂಬುದಲ್ಲ.

ಕ್ಯಾಲಿಫೋರ್ನಿಯಾದ ವ್ಯವಹಾರದಲ್ಲಿಯೂ ಈ ತತ್ತ್ವಕ್ಕೆ ಮನ್ನಣೆ ದೊರೆಯಲು ಬಹುಕಾಲ ಹಿಡಿಯಿತು. ಗಾಡಿಗಳ ಕಾಲಕಾಲದ ತಪಾಸಣೆಯು ಅಲ್ಲಿ ೧೯೮೪ರಲ್ಲಿ ಆರಂಭವಾಯಿತು. ಹಳೆಯ ಗಾಡಿಗಳ ಆವಿಯ ಮಾರ್ಗಗಳನ್ನೇ ಅಲ್ಪ ಒತ್ತಡದಿಂದ ಪರೀಕ್ಷಿಸುವ ಕ್ರಮವು ೧೯೭೬ರಿಂದ ೧೯೯೫ರ ವರೆಗಿನ ಮಾದರಿಗಳಿಗೆ ೨೦೦೭ರಲ್ಲಿ ಸೇರಿತು. ೧೯೭೫ ಮತ್ತು ಅದಕ್ಕೂ ಹಿಂದಿನ ಗಾಡಿಗಳಿಗೆ ತಪಾಸಣೆಯಿಂದ ವಿನಾಯಿತಿಯುಂಟು. ತಪಾಸಣೆಯಿಲ್ಲವೆಂದ ಮಾತ್ರಕ್ಕೆ ಅಂಗವನ್ನು ಕಳಚುವ ಅನುಮತಿಯು ದೊರೆತಂತಾಗದು. ಈ ಭೇದವನ್ನು ಅನೇಕರು ಮರೆತಿರುವರು.

ಒಟ್ಟಿನಲ್ಲಿ ಈ ಚರಿತ್ರೆಯಲ್ಲಿ ಒಂದೇ ತಪ್ಪು ಮೂರು ಸಲ ಮರುಕಳಿಸಿರುವುದು ಕಾಣುವುದು. ನಗರದವರು ಕಾಣುವ ಹೊಗೆಯನ್ನೇ ಹುಡುಕಿ ಕಾಣದ ಆವಿಯನ್ನು ಬಿಟ್ಟರು. ಪರೀಕ್ಷಕರು ಬಲೆ ಕಟ್ಟಿದ ಕಡೆಯನ್ನೇ ನೋಡಿ ಉಳಿದುದನ್ನು ಬಿಟ್ಟರು. ಒಡೆಯರು ಡಬ್ಬಿಯ ಕೆಲಸವು ಕಣ್ಣಿಗೆ ಬೀಳದೆಂದು ಡಬ್ಬಿಯನ್ನೇ ಬಿಟ್ಟರು. ಕಾಣದಿರುವುದರಿಂದಲೇ ಇಲ್ಲವೆಂದು ನಿರ್ಣಯಿಸಲಾಗದು; ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುವುದೆಂದು ನಮ್ಮ ಶಾಸ್ತ್ರಕಾರರು ಯೋಗ್ಯಾನುಪಲಬ್ಧಿಯ ವಿಚಾರದಲ್ಲಿ ಹೇಳಿರುವರು. ಪೆಟ್ರೋಲಿನ ಆವಿಯು ಕಣ್ಣಿಗೆ ಯೋಗ್ಯವಾದ ವಸ್ತುವಲ್ಲ. ಅದನ್ನು ಮೂಗಿನಿಂದಲೂ, ರಬ್ಬರಿನ ಬಿರುಕಿನಿಂದಲೂ, ಮುಚ್ಚಿದ ಕೋಣೆಯ ಗಾಳಿಯಿಂದಲೂ ಅರಿಯಬೇಕಾಯಿತು. ಅಂತಹ ಪ್ರಯಾಸದಿಂದ ದೊರೆತ ಅರಿವು ಎರಡು ಹಿಡಿ ಇದ್ದಲಿನ ಡಬ್ಬಿಯಲ್ಲಿ ಅಡಗಿರುವುದರಿಂದ, ಹಳೆಯ ಗಾಡಿಯನ್ನು ಯಥಾರೂಪದಲ್ಲಿ ಕಾಪಾಡುವೆನೆನ್ನುವವನು ಅದನ್ನೂ ಕಾಪಾಡುವುದು ಉಚಿತವಾಗಿರುವುದು.